ಮರಳು ಟೆಸ್ಟ್‌ಗೆ ಕೊಡುವ ಮುಂಚೆ ಇದನ್ನು ಓದಿ, ನನ್ನ ಹಾಗೆ ಬೇಸ್ತು ಬೀಳಬೇಡಿ

ಬರೆಯಲು ನಾಚಿಕೆ ಆಗುತ್ತಿದೆ, ಆದರೂ ಬರೆಯುತ್ತೇನೆ. ಎರಡು ಜಾಗದ ಮರಳನ್ನು ಟ್ರೈಆಕ್ಸಿಯಲ್ ಟೆಸ್ಟ್‌ಗೆ (ರಬ್ಬರ್ ಪೊರೆಯೊಳಗೆ ಮರಳಿನ ಕಂಬ ಮಾಡಿ, ನೀರು ತುಂಬಿಸಿ, ಸುತ್ತಲಿಂದಲೂ ಮೇಲಿಂದಲೂ ಒತ್ತಿ ಎಷ್ಟು ತಡೆಯುತ್ತೆ ನೋಡೋದು) ಅಂತ ಹೊರಗಿನ ಲ್ಯಾಬ್‌ಗೆ ಕೊಟ್ಟಿದ್ದೆ. ಎರಡಕ್ಕೂ ಒಂದೇ ಡೆನ್ಸಿಟಿ ಇರಲಿ ಅಂದಿದ್ದೆ, ಅಷ್ಟೇ. ಅಷ್ಟೇ ಹೇಳಿದ್ದು ನನ್ನ ತಪ್ಪು, ಒಪ್ಪಿಕೊಳ್ಳುತ್ತೇನೆ.

ರಿಪೋರ್ಟ್ ಬಂತು. ಮೊದಲನೇ ಮರಳು ಗಟ್ಟಿಯಾಗಿ ನಿಂತಿದೆ. ಎರಡನೆಯದು ಸ್ವಲ್ಪ ಒತ್ತುವಷ್ಟರಲ್ಲೇ ಒಳಗಿನ ನೀರಿನ ಒತ್ತಡ ಏರಿ ಕುಸಿದಿದೆ. ನಾನು ಮೀಟಿಂಗ್‌ನಲ್ಲಿ ಎದ್ದು ನಿಂತು, ಎರಡನೇ ಮರಳು ಬೇಡವೇ ಬೇಡ ಅಂತ ಎದೆ ತಟ್ಟಿ ಹೇಳಿಬಿಟ್ಟೆ. ಹಿಂದೆ ಕೂತಿದ್ದ ಸೀನಿಯರ್ ಒಂದೇ ಮಾತು ಕೇಳಿದರು: "ಸ್ಯಾಂಪಲ್ ಹೇಗೆ ಮಾಡಿದ್ದಾರೆ?" ಗೊತ್ತಿದ್ದರೆ ತಾನೇ ಹೇಳೋದು! ಎಲ್ಲರ ಎದುರು ರಿಪೋರ್ಟ್‌ನ ಹಾಳೆ ಹಿಂದೆ ಮುಂದೆ ತಿರುವಿದೆ, ತಿರುವಿದೆ, ಒಂದು ಸಾಲೂ ಇಲ್ಲ.

ಲ್ಯಾಬ್‌ಗೆ ಫೋನ್ ಮಾಡಿದೆ. "ಡೆನ್ಸಿಟಿ ಒಂದೇ ಇದೆಯಲ್ಲ ಸಾರ್, ಇನ್ನೇನು ಬೇಕು?" ಮತ್ತೆ ಕೇಳಿದೆ. "ಇದನ್ನೆಲ್ಲ ಯಾರೂ ಕೇಳಲ್ಲ ಸಾರ್." ದನಿ ಏರಿಸಿದ ಮೇಲೆ ಬಾಯಿಬಿಟ್ಟರು: ಮೊದಲನೆಯದನ್ನು ಒಣಗಿಸಿ ಜರಡಿಯಿಂದ ಮಳೆ ಬಿದ್ದ ಹಾಗೆ ಸುರಿದಿದ್ದಾರೆ, ಎರಡನೆಯದಕ್ಕೆ ಬಂದ ಬೇರೆ ಹುಡುಗ ನೀರು ಬೆರೆಸಿ ಪದರ ಪದರವಾಗಿ ಕುಟ್ಟಿದ್ದಾನೆ. "ಅದರಿಂದ ಏನಾಗುತ್ತೆ ಸಾರ್?" ಅಂತ ನನ್ನನ್ನೇ ಕೇಳುತ್ತಾರೆ!

ಏನಾಗುತ್ತೆ ಅನ್ನೋದು ಅವರೇ ಕಳಿಸಿದ ಫೋಟೋದಲ್ಲಿತ್ತು. ರಬ್ಬರ್ ಪೊರೆಯ ಸುತ್ತ ಆರು ಪಟ್ಟೆ, ಪ್ರತಿ ಪದರದ ಮೇಲ್ಭಾಗ ಒತ್ತಾಗಿ, ಕೆಳಗೆ ಸಡಿಲ. ತೇವದ ಮರಳು ಕಾಳಿಗೆ ಕಾಳು ಅಂಟಿಕೊಂಡು, ನಡುವೆ ದೊಡ್ಡ ಪೊಳ್ಳು ಬಿಟ್ಟು ನಿಲ್ಲುತ್ತದೆ. ಪೂರ್ತಿ ನೀರು ತುಂಬಿದರೆ ಆ ಅಂಟು ಹೋಯಿತು, ಪೊಳ್ಳು ಉಳಿಯಿತು, ಇನ್ನು ಕುಸಿಯದೆ ಏನು ಮಾಡುತ್ತದೆ? ಸುರಿದ ಮರಳಿನಲ್ಲಿ ಕಾಳುಗಳು ಅಡ್ಡ ಮಲಗಿ ಒಂದರ ಮೇಲೊಂದು ಕೂರುತ್ತವೆ. ತಕ್ಕಡಿಗೆ ಮಾತ್ರ ಎರಡೂ ಒಂದೇ. ಸುಮ್ನೆ ಮರಳು ಗುಡ್ಡೆ ಹಾಕಿದರೂ ಸುರಿದ ರೀತಿ ಲೆಕ್ಕಕ್ಕೆ ಬರುತ್ತಂತೆ: ಕೊಳವೆಯಿಂದ ಸುರಿದರೆ ನಡುವಿನ ತುದಿಯ ಕೆಳಗೆ ನೆಲದ ಮೇಲೆ ಒತ್ತಡ ಕಮ್ಮಿ, ಜರಡಿಯಿಂದ ಸುರಿದರೆ ಆ ತಗ್ಗು ಇಲ್ಲ. ಸೀನಿಯರ್ ಆಮೇಲೆ ಹೇಳಿದ್ದು.

ಕೊನೆಗೆ ನಾನೇ ಕೂತು ಎರಡನೇ ಮರಳನ್ನು ಒಣಗಿಸಿ, ಸುರಿದು, ಅದೇ ಡೆನ್ಸಿಟಿಯಲ್ಲಿ ಟೆಸ್ಟ್ ಮಾಡಿದೆ. ನಿಂತಿತು. ನಾನು ಬೇಡವೇ ಬೇಡ ಅಂದಿದ್ದ ಮರಳು!

ದುಡ್ಡು ಕೊಡುವ ಮುಂಚೆ ಬರೆಸಿಕೊಳ್ಳಿ: ಸುರಿದದ್ದೋ ಕುಟ್ಟಿದ್ದೋ, ಎಷ್ಟು ಎತ್ತರದಿಂದ, ಎಷ್ಟು ಪದರ, ಎಷ್ಟು ತೇವ. ನೀರು ತುಂಬಿದ ಮೇಲೆ ಡೆನ್ಸಿಟಿ ಮತ್ತೆ ಲೆಕ್ಕ ಹಾಕಿದರಾ ಅಂತಲೂ ಕೇಳಿ. "ಒಂದೇ ಡೆನ್ಸಿಟಿ" ಅಂದರೆ ಫೋನ್ ಇಡಿ.

ದುಡ್ಡು ವಾಪಸ್ ಕೇಳಿದ್ದಕ್ಕೆ ಬಂದ ಉತ್ತರ: "ಮುಂದಿನ ಟೆಸ್ಟ್‌ಗೆ ಡಿಸ್ಕೌಂಟ್ ಮಾಡೋಣ ಸಾರ್."