ಎಣ್ಣೆಯೋ, ವ್ಯಾಸಲಿನ್ನೋ, ಲೋಷನ್ನೋ?

ಬೀದರ್‌ನಿಂದ ಅಕ್ಕ ಫೋನ್ ಮಾಡಿದ್ದಳು. ಅವಳು, ಅತ್ತೆ, ಕಾಲೇಜಿಗೆ ಹೋಗುವ ಮಗಳು, ಮೂವರ ಚರ್ಮವೂ ಚಳಿಗೆ ಒಣಗಿ ಬಿಳಿ ಗೆರೆ ಏಳುತ್ತಿದೆಯಂತೆ. ಕೊಬ್ಬರಿ ಎಣ್ಣೆ, ವ್ಯಾಸಲಿನ್, ಲೋಷನ್, ಯಾವುದು ತರಲಿ ಅಂದಳು.

ಖರ್ಚು ನೋಡಿದರೆ ಎಣ್ಣೆ ಮನೆಯಲ್ಲೇ ಇರುತ್ತದೆ. ವ್ಯಾಸಲಿನ್ ಡಬ್ಬಿ ತಿಂಗಳುಗಟ್ಟಲೆ ಬರುತ್ತದೆ. ಲೋಷನ್ ಬೇಗ ಖಾಲಿ, ಅದರಲ್ಲಿ ಬಹುಪಾಲು ನೀರೇ ಅಲ್ವಾ?

ತೇವ ಹಿಡಿದಿಡುವುದರಲ್ಲಿ ವ್ಯಾಸಲಿನ್ ಮುಂದು. ಅದು ತಾನಾಗಿ ತೇವ ಕೊಡುವುದಿಲ್ಲ, ಚರ್ಮದಲ್ಲಿ ಇದ್ದದ್ದನ್ನು ಆರಲು ಬಿಡುವುದಿಲ್ಲ. ಹಾಗಾಗಿ ಸ್ನಾನವಾದ ಕೂಡಲೇ, ಮೈ ಇನ್ನೂ ಹಸಿ ಇರುವಾಗಲೇ ಹಚ್ಚಬೇಕು. ಅತ್ತೆಯ ಒಡೆದ ಹಿಮ್ಮಡಿಗೆ ಇದೇ ಸರಿ. ರಾತ್ರಿ ಹಚ್ಚಿ ಸಾಕ್ಸ್ ಹಾಕಿಕೊಳ್ಳಲಿ, ಬರಿಗಾಲಲ್ಲಿ ನಡೆದರೆ ಜಾರುತ್ತದೆ.

ಎಣ್ಣೆ ಇಡೀ ಮೈಗೆ ಸಲೀಸಾಗಿ ಹರಡುತ್ತದೆ. ಆದರೆ 24 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುತ್ತದೆ. ಬೆಳಗ್ಗೆ ಎದ್ದು ಬಾಟಲಿಯನ್ನು ಬಿಸಿನೀರಲ್ಲಿಟ್ಟು ಕಾಯುವ ತಾಳ್ಮೆ ನನಗಂತೂ ಇಲ್ಲ.

ಮಗಳಿಗೆ ಮೊಡವೆ ಇದೆ. ಮುಖಕ್ಕೆ ಎಣ್ಣೆ ಹಚ್ಚಿದರೆ ಅದು ಜಾಸ್ತಿಯಾಗಬಹುದು. ಅವಳಿಗೆ ಪರಿಮಳ ಇಲ್ಲದ, ಗ್ಲಿಸರಿನ್ ಇರುವ ತೆಳು ಲೋಷನ್ ಸಾಕು. ಕಲಬುರಗಿಯಲ್ಲಿ ಮೇ ತಿಂಗಳಲ್ಲಿ 40 ಡಿಗ್ರಿ ದಾಟಿದಾಗ ನಾನೂ ಅದನ್ನೇ ಹಚ್ಚುತ್ತೇನೆ. ಎಣ್ಣೆ ಹಚ್ಚಿ ಹೊರಟರೆ ರಸ್ತೆಯ ಧೂಳೆಲ್ಲ ಮುಖದ ಮೇಲೆ!

ಬಿಸಿಲಿಗೆ ಮೂರೂ ಅಡ್ಡ ನಿಲ್ಲುವುದಿಲ್ಲ. ಎಸ್‌ಪಿಎಫ್ (ಬಿಸಿಲು ತಡೆಯುವ ಅಳತೆ) 30ರ ಸನ್‌ಸ್ಕ್ರೀನ್ ಬೇರೆ ಬೇಕು, ತಲೆ ಮೇಲೆ ಸೆರಗೂ ಇರಲಿ.

ಅಂದಹಾಗೆ, ಅಕ್ಕ ಹೊಗೆಯಾಡುವ ನೀರಲ್ಲಿ ಸೋಪು ತಿಕ್ಕಿ ಸ್ನಾನ ಮಾಡುವವಳು. ಅದನ್ನು ಬಿಡದಿದ್ದರೆ ಯಾವ ಡಬ್ಬಿ ತಂದರೂ ಸುಮ್ನೆ ದುಡ್ಡು ದಂಡ.