ಬೆಂಗಳೂರು, ತೀರ್ಥಹಳ್ಳಿ, ಮೈಸೂರು: ಪಿಂಚಣಿ ಹಿಡಿದು ಮೂರು ಕಡೆ ಇದ್ದು ನೋಡಿದ್ದು

ಕಳೆದ ಮೇ 31ಕ್ಕೆ ನಿವೃತ್ತಿಯಾದೆ. ಸರ್ಕಾರಿ ಹೈಸ್ಕೂಲಿನಲ್ಲಿ ಗಣಿತ ಪಾಠ ಮಾಡುತ್ತಿದ್ದೆ. ದಾವಣಗೆರೆಯ ಒಂದೇ ಬಾಡಿಗೆ ಮನೆಯಲ್ಲಿ 22 ವರ್ಷ ಕಳೆದೆವು. ಮಾಲೀಕರ ಮಗನಿಗೆ ಮದುವೆಯಾಯಿತು, ಅವರಿಗೇ ಮನೆ ಬೇಕಾಯಿತು. ಎಲ್ಲಿಗೆ ಹೋಗುವುದು? ಮಗಳು ಬೆಂಗಳೂರಿಗೆ ಬನ್ನಿ ಅಂದಳು. ನಮ್ಮ ಯಜಮಾನರಿಗೆ ತೀರ್ಥಹಳ್ಳಿ ಹತ್ತಿರದ ಹುಟ್ಟೂರಿನ ಮೇಲೆ ಆಸೆ. ನನಗೆ ಬಿ.ಇಡಿ. ಓದಿದ ಮೈಸೂರಿನ ಮೇಲೆ. ಸುಮ್ನೆ ವಾದ ಮಾಡುವ ಬದಲು ಮೂರೂ ಕಡೆ ಮೂರು ನಾಲ್ಕು ತಿಂಗಳು ಇದ್ದು ನೋಡೋಣ ಅಂತ ಹೊರಟೆವು. ಬೀರು, ಮಂಚ ಎಲ್ಲ ಅಕ್ಕನ ಮನೆಯ ಮಹಡಿ ಸೇರಿದವು. ಎರಡು ಸೂಟ್‌ಕೇಸು, ಮಾತ್ರೆ ಡಬ್ಬಿ, ಒಂದು ಲೆಕ್ಕದ ಪುಸ್ತಕ ಮಾತ್ರ ನಮ್ಮ ಜೊತೆ ಬಂದವು.

ಮೊದಲು ಕೈಗೆ ಬರುವ ದುಡ್ಡು ಹೇಳುತ್ತೇನೆ. ನನ್ನ ಕೊನೆಯ ಮೂಲ ವೇತನ 88,000 ರೂಪಾಯಿ. ಪೂರ್ತಿ ಸೇವೆ ಆಗಿದ್ದರಿಂದ ಅದರ ಅರ್ಧ, ಅಂದರೆ 44,000, ಮೂಲ ಪಿಂಚಣಿ. ಮೂರನೇ ಒಂದು ಭಾಗವನ್ನು ಕಮ್ಯುಟೇಷನ್ ಮಾಡಿಸಿದೆ, ಅಂದರೆ ಆ ಭಾಗದ ಬದಲು ಒಟ್ಟಿಗೆ ಒಂದು ಮೊತ್ತ ಮೊದಲೇ ತೆಗೆದುಕೊಂಡೆ. ಆ ಕಡಿತ 15 ವರ್ಷ ಇರುತ್ತದೆ. ತುಟ್ಟಿಭತ್ಯೆ ಮಾತ್ರ ಪೂರ್ತಿ 44,000ದ ಮೇಲೇ ಸಿಗುತ್ತದೆ. ಎಲ್ಲ ಸೇರಿ ಕೈಗೆ ಬರುವುದು 35,600. ಇವರು ಖಾಸಗಿ ಕಂಪನಿಯಲ್ಲಿ 25 ವರ್ಷ ದುಡಿದರು. ಇವರ ಇಪಿಎಸ್ (ನೌಕರರ ಪಿಂಚಣಿ ಯೋಜನೆ) ಪಿಂಚಣಿ 3,100. ಅದನ್ನು ಪೂರ್ತಿ ಸಂಬಳದ ಮೇಲೆ ಲೆಕ್ಕ ಹಾಕುವುದಿಲ್ಲ. 2014ರವರೆಗೆ 6,500, ಆಮೇಲೆ 15,000 ರೂಪಾಯಿಯ ಮಿತಿ ಇದೆ. ಅದಕ್ಕೆ ತುಟ್ಟಿಭತ್ಯೆಯೂ ಇಲ್ಲ. ಗ್ರಾಚುಟಿ, ಕಮ್ಯುಟೇಷನ್ ಹಣದಲ್ಲಿ 20 ಲಕ್ಷವನ್ನು ಅಂಚೆ ಕಚೇರಿಯ ಹಿರಿಯ ನಾಗರಿಕರ ಉಳಿತಾಯ ಯೋಜನೆಗೆ ಹಾಕಿದೆ. ಶೇ 8.2 ಬಡ್ಡಿ, ಮೂರು ತಿಂಗಳಿಗೊಮ್ಮೆ 41,000.

ಒಂದು ವಿಷಯದಲ್ಲಿ ನಾನು ಗಟ್ಟಿಯಾಗಿ ನಿಂತೆ. ಸಂಸಾರ ಪಿಂಚಣಿಯಲ್ಲೇ ನಡೆಯಬೇಕು, ಬಡ್ಡಿಯನ್ನು ಮುಟ್ಟಬಾರದು. ನನ್ನ ಪಿಂಚಣಿ ತುಟ್ಟಿಭತ್ಯೆಯ ಜೊತೆ ಏರುತ್ತದೆ. ಈ ಬಡ್ಡಿ ಐದು ವರ್ಷ ಅಷ್ಟೇ ಇರುತ್ತದೆ. ಬಾಡಿಗೆ ಹಾಗಲ್ಲ, ವರ್ಷಕ್ಕೆ ಶೇ 5 ಏರಿಕೆಯನ್ನು ಕರಾರಿನಲ್ಲೇ ಬರೆಸಿಕೊಳ್ಳುತ್ತಾರೆ. ಇವತ್ತು 14,000 ಇರುವ ಬಾಡಿಗೆ ಹತ್ತು ವರ್ಷಕ್ಕೆ 22,800 ಆಗುತ್ತದೆ. ಬಡ್ಡಿ ನಂಬಿ ದೊಡ್ಡ ಬಾಡಿಗೆ ಒಪ್ಪಿಕೊಂಡರೆ 70ನೇ ವಯಸ್ಸಿನಲ್ಲಿ ಮತ್ತೆ ಮನೆ ಹುಡುಕಬೇಕು.

ಜೂನ್‌ನಲ್ಲಿ ತೀರ್ಥಹಳ್ಳಿ ಕಡೆಗೆ ಹೋದೆವು. ಪೇಟೆಯಿಂದ 11 ಕಿಲೋಮೀಟರ್ ಒಳಗಿರುವ ಊರು. ಹೆಂಚಿನ ಮನೆ, ಮೈದುನನ ಸಂಸಾರ ಒಂದು ಭಾಗದಲ್ಲಿ, ನಾವು ಇನ್ನೊಂದರಲ್ಲಿ. ಬಾಡಿಗೆ ಇಲ್ಲ. ತೆಂಗಿನಕಾಯಿ, ಬಾಳೆಕಾಯಿ, ಕೆಸುವಿನ ಸೊಪ್ಪು ಕೊಳ್ಳುವ ಮಾತೇ ಇಲ್ಲ. ತಿಂಗಳ ಖರ್ಚು 28,000. ಕಾಗದದ ಮೇಲೆ ನೋಡಿದರೆ ಇದಕ್ಕೆ ಸಾಟಿ ಇಲ್ಲ. ಬೆಳಿಗ್ಗೆ ಇವರು ಅಂಗಳದಲ್ಲಿ ಕೊಡೆ ಹಿಡಿದು ನಿಂತು ತಮ್ಮನ ಜೊತೆ ಅಡಿಕೆ ಕೊಳೆಗೆ ಔಷಧಿ ಹೊಡೆಯುವ ಮಾತಾಡುತ್ತಿದ್ದರೆ, ಇವರ ಮುಖದಲ್ಲಿ ಅಷ್ಟು ನೆಮ್ಮದಿಯನ್ನು ನಾನು ದಾವಣಗೆರೆಯಲ್ಲಿ ಯಾವತ್ತೂ ನೋಡಿರಲಿಲ್ಲ.

ಆದರೆ ಆ 28,000ದಲ್ಲಿ 6,500 ಬರೀ ಕಾರಿಗೆ ಹೋಗುತ್ತಿತ್ತು. ಹಾಲು ಬಿಟ್ಟರೆ ಎಲ್ಲಕ್ಕೂ ಪೇಟೆಗೇ ಹೋಗಬೇಕು. ಬಸ್ಸು ದಿನಕ್ಕೆ ಮೂರು, ಅದೂ ಮುಖ್ಯ ರಸ್ತೆಗೆ. ನಮ್ಮಿಬ್ಬರಲ್ಲಿ ಕಾರು ಓಡಿಸುವವರು ಇವರೊಬ್ಬರೇ. ಜುಲೈ ಪೂರ್ತಿ ಬಟ್ಟೆ ಒಣಗಲಿಲ್ಲ. ಬಚ್ಚಲೊಲೆಯ ಮೇಲೆ ಹಗ್ಗ ಕಟ್ಟಿ ಒಣಗಿಸಿದ ಸೀರೆಗಳಿಗೆ ಇನ್ನೂ ಹೊಗೆ ವಾಸನೆ ಇದೆ. ಅದನ್ನೆಲ್ಲ ನಾನು ತಡೆದುಕೊಂಡೆ.

ತಡೆದುಕೊಳ್ಳಲು ಆಗದೆ ಹೋದದ್ದು ಆಗಸ್ಟ್‌ನ ಒಂದು ರಾತ್ರಿ. ಒಂಬತ್ತೂವರೆಗೆ ಇವರಿಗೆ ಎದೆ ಹಿಂಡಿದ ಹಾಗಾಯಿತು, ಮೈಯೆಲ್ಲ ಬೆವರು. ಕರೆಂಟು ಹೋಗಿ ಎರಡು ದಿನ ಆಗಿತ್ತು, ಫೋನಿಗೆ ಸಿಗ್ನಲ್ ಇರಲಿಲ್ಲ. ಮೈದುನ ಕಾರು ತೆಗೆದ. ಅರ್ಧ ದಾರಿಯಲ್ಲಿ ಮರ ಬಿದ್ದಿತ್ತು. ಅವನು, ಪಕ್ಕದ ಮನೆಯ ಹುಡುಗರು ಟಾರ್ಚ್ ಬೆಳಕಿನಲ್ಲಿ ಕತ್ತಿ ಹಿಡಿದು ಕೊಂಬೆ ಕಡಿದರು. ನಾನು ಹಿಂದಿನ ಸೀಟಿನಲ್ಲಿ ಇವರ ತಲೆಯನ್ನು ತೊಡೆ ಮೇಲೆ ಇಟ್ಟುಕೊಂಡು ವೈಪರ್ ಶಬ್ದ ಎಣಿಸುತ್ತಾ ಕೂತಿದ್ದೆ. ತೀರ್ಥಹಳ್ಳಿಯಲ್ಲಿ ಇಸಿಜಿ ತೆಗೆದು, ಶಿವಮೊಗ್ಗಕ್ಕೆ ಹೋಗಿ ಅಂದರು. ಅದು ಮತ್ತೆ 60 ಕಿಲೋಮೀಟರ್. ನಮ್ಮ ಕಡೆಯವರು ದೊಡ್ಡ ಕಾಯಿಲೆಗೆ ಮಣಿಪಾಲಕ್ಕೆ ಹೋಗುವುದು ರೂಢಿ, ಆದರೆ ಆ ಮಳೆಯಲ್ಲಿ ಆಗುಂಬೆ ಘಾಟಿ ಇಳಿಯುವ ಧೈರ್ಯ ಯಾರಿಗೂ ಇರಲಿಲ್ಲ. ಶಿವಮೊಗ್ಗದ ಆಸ್ಪತ್ರೆ ಬಾಗಿಲು ತಲುಪಿದಾಗ ರಾತ್ರಿ ಒಂದೂವರೆ. ದೇವರ ದಯೆ, ಅದು ಹೃದಯದ್ದಲ್ಲ, ಗ್ಯಾಸ್ಟ್ರಿಕ್. ಆದರೆ ನಾಲ್ಕು ಗಂಟೆ ಆಗಿತ್ತು, ಅಲ್ವಾ?

ಮಲೆನಾಡು ಬೇಡ ಅಂತ ಹೇಳುತ್ತಿಲ್ಲ. ತೀರ್ಥಹಳ್ಳಿ ಪೇಟೆಯಲ್ಲೇ ಮನೆ ಇದ್ದು, ಮಕ್ಕಳು ಜೊತೆಗಿದ್ದರೆ ಮಾತೇ ಬೇರೆ. ಒಳಗಿನ ಹಳ್ಳಿಯಲ್ಲಿ ಇಬ್ಬರೇ ವಯಸ್ಸಾದವರು, ಕಾರು ಬಿಡುವವರು ಒಬ್ಬರೇ ಅಂದರೆ ಹತ್ತು ಸಲ ಯೋಚಿಸಿ.

ಅಕ್ಟೋಬರ್‌ನಲ್ಲಿ ಬೆಂಗಳೂರು. ಕನಕಪುರ ರಸ್ತೆಯಲ್ಲಿ ಮಗಳ ಅಪಾರ್ಟ್‌ಮೆಂಟಿನಲ್ಲೇ ಪರಿಚಯದವರ ಎರಡು ಕೋಣೆಯ ಫ್ಲ್ಯಾಟ್ ಖಾಲಿ ಇತ್ತು. ಗುರುತಿನವರು ಅಂತ ಅಡ್ವಾನ್ಸ್ ಕೇಳಲಿಲ್ಲ. ಬಾಡಿಗೆ 24,000, ಮೇಂಟೆನೆನ್ಸ್ 4,500. ಇಷ್ಟಕ್ಕೇ 28,500 ಆಯಿತು. ತೀರ್ಥಹಳ್ಳಿಯಲ್ಲಿ ಇದಕ್ಕಿಂತ ಕಡಿಮೆಗೆ ಇಡೀ ತಿಂಗಳು ಕಳೆದಿದ್ದೆವು! ದಿನಸಿ, ತರಕಾರಿ, ಹಾಲಿಗೆ 13,000. ಕೆಲಸದವರು, ಆಟೋ, ಮಾತ್ರೆ, ಫೋನು ಎಲ್ಲ ಸೇರಿ ತಿಂಗಳಿಗೆ 55,300. ಪಿಂಚಣಿಗೆ ಬಡ್ಡಿ ಸೇರಿಸಿದರೂ ನಮ್ಮದು 52,300. ಬೇಸಿಗೆಯಲ್ಲಿ ಟ್ಯಾಂಕರ್ ನೀರಿನ ಹಣ ಬೇರೆ ಹಾಕುತ್ತಾರೆ ಅಂತ ಪಕ್ಕದ ಫ್ಲ್ಯಾಟಿನವರು ಹೇಳಿದರು.

ಅನುಕೂಲ ಇಲ್ಲ ಅಂತಲ್ಲ. ನವೆಂಬರ್‌ನಲ್ಲಿ, ಪಿಂಚಣಿದಾರರು ಬದುಕಿದ್ದೇವೆ ಅಂತ ತೋರಿಸುವ ಜೀವನ ಪ್ರಮಾಣ ಪತ್ರ ಕೊಡಲು ಹೋದರೆ ಯಂತ್ರ ನನ್ನ ಬೆರಳಚ್ಚು ಹಿಡಿಯಲೇ ಇಲ್ಲ. ಸಂಜೆ ಮಗಳು ಫೋನಿನಲ್ಲೇ ಮುಖ ತೋರಿಸಿ ಎರಡು ನಿಮಿಷದಲ್ಲಿ ಮುಗಿಸಿದಳು. ಮೊಮ್ಮಗ ಶಾಲೆಯಿಂದ ಬಂದವನೇ ಚೀಲ ಎಸೆದು 'ಅಜ್ಜಿ, ಇವತ್ತೇನು ತಿಂಡಿ?' ಅಂತ ಓಡಿ ಬರುತ್ತಿದ್ದ. ಅದಕ್ಕೆ ಬೆಲೆ ಕಟ್ಟುವ ಕಾಲಂ ನನ್ನ ಪುಸ್ತಕದಲ್ಲಿಲ್ಲ. ಆದರೆ ಅವನು ಬರುವುದು ನಾಲ್ಕೂವರೆಗೆ. ಅಲ್ಲಿಯವರೆಗೆ ಒಂಬತ್ತನೇ ಮಹಡಿಯ ಬಾಲ್ಕನಿಯಲ್ಲಿ ಇವರು ಒಂದೇ ಪೇಪರನ್ನು ಎರಡೆರಡು ಸಲ ಓದುತ್ತಿದ್ದರು. ತಿಂಗಳಿಗೆ ಮೂರು ಸಾವಿರ ಸಾಲದೆ ಬಂದಾಗ ಮಗಳು ಕೊಡುತ್ತೇನೆ ಅಂದಳು. ಕೊಡುತ್ತಾಳೆ, ಅನುಮಾನ ಇಲ್ಲ. ಅವಳ ಮನೆ ಸಾಲಕ್ಕೆ ಇನ್ನೂ 14 ವರ್ಷ ಇದೆ. ನನಗೆ ಮನಸ್ಸು ಬರಲಿಲ್ಲ.

ಜನವರಿಗೆ ಮೈಸೂರು. ಕುವೆಂಪುನಗರದಲ್ಲಿ ಎರಡು ಮನೆ ಹಿಡಿಸಿದವು. ಮೊದಲ ಮಹಡಿಯದ್ದು 11,500, ನೆಲಮಹಡಿಯದ್ದು 14,000. ನನ್ನ ಮಂಡಿ ನೋವು ನೆನೆದು ನೆಲಮಹಡಿಯನ್ನೇ ಹಿಡಿದೆವು. ದಿನಸಿ, ತರಕಾರಿ, ಹಾಲು 10,500. ಕೆಲಸದವರಿಗೆ 2,500. ಕರೆಂಟು, ಗ್ಯಾಸು, ಫೋನು 2,600. ಮಾತ್ರೆ ಎಲ್ಲಿದ್ದರೂ ಅದೇ 3,800. ಓಡಾಟಕ್ಕೆ 1,800 ಸಾಕಾಯಿತು. ಶಕ್ತಿ ಯೋಜನೆಯಿಂದ ಸಿಟಿ ಬಸ್ಸಿನಲ್ಲಿ ನನಗೆ ಟಿಕೆಟ್ ಇಲ್ಲ, ಇವರದ್ದಷ್ಟೇ ಖರ್ಚು. ಒಟ್ಟು 35,200. ಇಬ್ಬರ ಪಿಂಚಣಿ 38,700. ಬಡ್ಡಿ ಮುಟ್ಟದೆ 3,500 ಉಳಿಯಿತು.

ಮೊದಲ ತಿಂಗಳು ಮಾತ್ರ ಬೇಸರ ಬಂತು. ಹಾಲಿನವನು, ಸೊಪ್ಪಿನವಳು ಬಿಟ್ಟರೆ ಮಾತಿಗೆ ಜನ ಇಲ್ಲ. ನಾನು ಓದುತ್ತಿದ್ದಾಗಿನ ಗೆಳತಿಯರು ಯಾರೂ ಈಗ ಇಲ್ಲಿಲ್ಲ. ಆಮೇಲೆ ಕುಕ್ಕರಹಳ್ಳಿ ಕೆರೆ ಏರಿ ಮೇಲೆ ವಾಕಿಂಗ್ ಬರುವ ನಾಲ್ಕೈದು ಜನರ ಪರಿಚಯ ಆಯಿತು. ಎಲ್ಲರೂ ನಮ್ಮ ಹಾಗೆ ಪಿಂಚಣಿದಾರರೇ, ತುಟ್ಟಿಭತ್ಯೆ ಸುದ್ದಿ ಪೇಪರಿಗಿಂತ ಮೊದಲು ಅಲ್ಲೇ ಸಿಗುತ್ತದೆ. ಜಯದೇವ ಹೃದ್ರೋಗ ಆಸ್ಪತ್ರೆಯ ಶಾಖೆ ಊರಲ್ಲೇ ಇದೆ. ಆಗಸ್ಟ್‌ನ ರಾತ್ರಿ ನೆನಪಿರುವ ನನಗೆ ಅಷ್ಟೇ ದೊಡ್ಡ ಸಮಾಧಾನ. ಮಗಳು ಬೆಳಿಗ್ಗೆ ರೈಲು ಹತ್ತಿದರೆ ಊಟದ ಹೊತ್ತಿಗೆ ಇಲ್ಲಿರುತ್ತಾಳೆ.

ಇನ್ನೊಂದು ಲೆಕ್ಕ ಇದೆ. ಅದನ್ನು ಇವರ ಮುಂದೆ ಹಾಕಲು ನನಗೆ ಒಂದು ವಾರ ಬೇಕಾಯಿತು. ಇವರು ಮೊದಲು ಹೋದರೆ ನನ್ನ ಪಿಂಚಣಿ ಹಾಗೇ ಇರುತ್ತದೆ. ನಾನು ಮೊದಲು ಹೋದರೆ ಇವರಿಗೆ ಸಿಗುವುದು ಕುಟುಂಬ ಪಿಂಚಣಿ, ಕೊನೆಯ ಮೂಲ ವೇತನದ ಶೇ 30. ಅಂದರೆ 26,400. ತುಟ್ಟಿಭತ್ಯೆ ಸೇರಿ 30,100. ಇವರದ್ದೂ ಸೇರಿದರೆ 33,200. ಈ ದುಡ್ಡಿನಲ್ಲಿ ಬೆಂಗಳೂರಿನ ಬಾಡಿಗೆ, ಮೇಂಟೆನೆನ್ಸ್ ಕಟ್ಟಿದರೆ ಊಟಕ್ಕೆ, ಮಾತ್ರೆಗೆ ಉಳಿಯುವುದು 4,700. ತೀರ್ಥಹಳ್ಳಿಯಲ್ಲಿ ದುಡ್ಡು ಧಾರಾಳ ಸಾಕು, ಆದರೆ 75ರಲ್ಲಿ ಮಳೆಗಾಲದ ರಾತ್ರಿ ಇವರು ಒಬ್ಬರೇ ಕಾರು ಓಡಿಸಬೇಕು. ಮೈಸೂರಿನಲ್ಲಿ ಒಬ್ಬರ ಖರ್ಚು ಸುಮಾರು 29,000. ಬಸ್ ಸ್ಟಾಪು ಮನೆಯಿಂದ ನಾಲ್ಕು ಮನೆ ಆಚೆ, ಮೆಸ್ಸು ಅದೇ ರಸ್ತೆಯಲ್ಲಿ. ನಿವೃತ್ತಿಗೆ ಊರು ನೋಡುವವರೆಲ್ಲ ಇಬ್ಬರ ಲೆಕ್ಕದ ಜೊತೆ ಈ ಒಬ್ಬರ ಲೆಕ್ಕವನ್ನೂ ಕೂತು ಬರೆಯಲೇಬೇಕು ಅಂತ ನನಗೆ ಬಲವಾಗಿ ಅನಿಸುತ್ತದೆ. ಬರೆಯುವಾಗ ಕೈ ನಡುಗುತ್ತದೆ, ಆದರೂ.

ಇವರು ಪುಸ್ತಕವನ್ನು ಎರಡು ಸಲ ನೋಡಿ ಸುಮ್ಮನೆ ಮುಚ್ಚಿಟ್ಟರು. ರಾತ್ರಿ ಊಟ ಮಾಡುವಾಗ 'ಊರಿಗೆ ಏಪ್ರಿಲ್, ಮೇನಲ್ಲಿ ಹೋಗಿ ಬರೋಣ, ಮಳೆಗಾಲಕ್ಕೆ ಬೇಡ' ಅಂದರು. ಮರುದಿನ ಹನ್ನೊಂದು ತಿಂಗಳ ಕರಾರಿಗೆ ಸಹಿ ಹಾಕಿದೆವು.

ಈಗ ಸೋಮವಾರ, ಗುರುವಾರ ಅಡುಗೆ ಇವರದ್ದು. ಅನ್ನಕ್ಕೆ ನೀರಿನ ಅಳತೆ ಹಿಡಿತಕ್ಕೆ ಬಂದಿದೆ, ತಿಳಿಸಾರು ಚೆನ್ನಾಗಿ ಮಾಡುತ್ತಾರೆ. ಹೋದ ವಾರ ಒಬ್ಬರೇ ಬಸ್ಸು ಹತ್ತಿ ಬ್ಯಾಂಕಿಗೆ ಹೋಗಿ, ಪಾಸ್‌ಬುಕ್ ಎಂಟ್ರಿ ಮಾಡಿಸಿಕೊಂಡು, ಬರುವಾಗ ದೇವರಾಜ ಮಾರುಕಟ್ಟೆಯಿಂದ ಒಂದು ಮೊಳ ಮೈಸೂರು ಮಲ್ಲಿಗೆ ತಂದರು.