ಇಮ್ಯಾಜಿಕಾದ ನೈಟ್ರೋ: ಸೊಲ್ಲಾಪುರದಿಂದ ಹೋಗಬಹುದಾ?

ಹೋಗಬಹುದು. ಅಕ್ಕಲಕೋಟೆ, ಸೊಲ್ಲಾಪುರದ ಕಡೆಯವರಿಗೆ ಇಮ್ಯಾಜಿಕಾ ಅನ್ನೋ ಮನರಂಜನಾ ಪಾರ್ಕ್ ಇರುವ ಖೋಪೋಲಿ 300 ಕಿ.ಮೀ.ಗಿಂತ ಜಾಸ್ತಿ ದೂರ, ಒಪ್ಪುತ್ತೇನೆ. ಆದರೆ ರೋಲರ್ ಕೋಸ್ಟರ್ ಹುಚ್ಚಿದ್ದರೆ ಅಲ್ಲಿನ ನೈಟ್ರೋ ಕೋಸ್ಟರ್ ಒಂದಕ್ಕೇ ಹೋಗಿ ಬನ್ನಿ. ಸುಮಾರು 40 ಮೀಟರ್ ಎತ್ತರ, ಗಂಟೆಗೆ 105 ಕಿ.ಮೀ. ವೇಗ, 5 ಸಲ ತಲೆಕೆಳಗು.

ಅಸಲಿ ಮಜಾ ಇರೋದು ಕಾಲ ಕೆಳಗೆ. ಕೂರುವಾಗ ಇರುವ ನೆಲ ಗಾಡಿ ಹೊರಡುವ ಮುಂಚೆ ಸುಮ್ನೆ ಸರಿದುಹೋಗುತ್ತದೆ, ಕಾಲು ಗಾಳಿಯಲ್ಲಿ ಜೋತಾಡುತ್ತವೆ. ಅದನ್ನು ನೋಡಿ ನನ್ನ ತಮ್ಮ "ಅಣ್ಣಾ, ನಾ ಇಳೀತೀನಿ" ಅಂದ. ಅಷ್ಟೊತ್ತಿಗೆ ಭುಜದ ಪಟ್ಟಿ ಲಾಕ್ ಆಗಿತ್ತು, ಪಾಪ!

ಮುಂದಿನ ಸಾಲಾ, ಹಿಂದಿನದಾ? ಮುಂದೆ ಕೂತರೆ ಮುಂದೆ ಬರೀ ಆಕಾಶ, ತುದಿ ದಾಟಿದ ಮೇಲೆ ಒಂದು ಕ್ಷಣ ಇಳಿಜಾರಿನ ಮೇಲೆ ನೇತಾಡಿದ ಹಾಗಾಗುತ್ತದೆ. ಹಿಂದಿನ ಸಾಲನ್ನು ಮುಂದಿನ ಡಬ್ಬಿಗಳು ದರದರ ಎಳೆದುಕೊಂಡು ಹೋಗುತ್ತವೆ, ಹೊಟ್ಟೆ ಬಾಯಿಗೆ ಬರುತ್ತದೆ. ನನ್ನ ಓಟು ಹಿಂದಿನದಕ್ಕೇ.

ಪಾರ್ಕಿನಲ್ಲಿ ಬೇರೆ ಕೋಸ್ಟರ್‌ಗಳೂ ಇವೆ. ಡೀಪ್ ಸ್ಪೇಸ್ ಕತ್ತಲೆಯಲ್ಲಿ ಓಡುತ್ತದೆ, ತಿರುವು ಎಲ್ಲಿ ಬರುತ್ತೆ ಅಂತ ಗೊತ್ತಾಗಲ್ಲ, ಚೆನ್ನಾಗಿದೆ. ಗೋಲ್ಡ್ ರಶ್ ಎಕ್ಸ್‌ಪ್ರೆಸ್ ಮನೆಮಂದಿಗೆಲ್ಲ ಸರಿ, ನಮ್ಮ ಅವ್ವ ಕೂಡ ನಗುತ್ತಾ ಇಳಿದರು.

ಊಟ ಮಾಡಿದ ಕೂಡಲೇ ನೈಟ್ರೋ ಹತ್ತಬೇಡಿ. ದಾರಿಗೆ ಜೋಳದ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಳ್ಳಿ, ಹೈವೇ ಪಕ್ಕದ ಒಂದು ಧಾಬಾದಲ್ಲಿ ನಮಗೆ ಕೊಟ್ಟ ದಾಲ್ ಬರೀ ಅರಿಶಿನದ ನೀರು.